ಅಂವ ನಗೂದು ನೋಡೀಯೇನ?

ಗುಣ ನೋಡಿ ಪ್ರೀತಿ ಹುಟ್ಟೋದಾದ್ರೆ, ಇನ್ನೂ ಒಳ್ಳೇ ಗುಣದವರು ಸಿಕ್ಕ ದಿನ ಮನಸ್ಸು ಅತ್ತ ಹೋಗಬೇಕಲ್ವಾ? ಹೋಗಲ್ಲ ನೋಡಿ..

ನಮ್ಮ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫರಿಗೆ (1819-1889) ಕಳಸದ ಗೋವಿಂದಭಟ್ಟರು ಜನಿವಾರವನ್ನೇ ಹಾಕಿದ್ರು ಅಂತ ಈ ಕಡೆ ಹೇಳ್ತಾರೆ. ತಮ್ಮವರು ಬೈದರೂ ಬಿಡಲಿಲ್ಲವಂತೆ. ಜಾಣತನವೇ ಕಾರಣ ಅನ್ನೋಣ ಅಂದ್ರೆ, ಜಾಣ ಹುಡುಗರು ಭಟ್ಟರ ಓಣಿಯಲ್ಲೇ ಇರಲಿಲ್ವೇ?

ಹಾನಗಲ್ಲಿನ ನಮ್ಮ ಆಯಿಗೆ ಸವಣೂರಿನ ತಮ್ಮ ಅಂದ್ರೆ ಜೀವ. ಇಸ್ಕೊಂಡ ದುಡ್ಡು ಒಮ್ಮೆಯೂ ತಿರುಗಿ ಕೊಟ್ಟವನಲ್ಲ. "ಯಾಕಿಷ್ಟು ಅಕ್ಕರೆ ಆಯಿ?" ಅಂದ್ರೆ, "ಅಂವ ನಗೂದು ನೋಡೀಯೇನ?" ಅಂತಿದ್ಳು. ನಾನು ನೋಡಿದ್ದೆ.. ಎಲ್ಲರ ಹಾಗೇ ನಗ್ತಿದ್ದ. ಕಾರಣವನ್ನ ನಾವು ಪ್ರೀತಿಸಿದ ಮೇಲೆ ಹುಡುಕ್ತೀವಿ ಅನ್ಸುತ್ತೆ.

ಅಂವ ಹೋಗಿ ನಾಲ್ಕು ವರ್ಷ ಆತು. ಈಗಲೂ ಸವಣೂರ ಎಲೆ ತರಿಸಿದಾಗ ಆಯಿ ಎರಡು ತೆಗೆದು ಬೇರೆ ಇಡ್ತಾಳೆ.