ಒಂದು ‘ಎಸ್’ ಕಾಣೆಯಾಗಿತ್ತು

ಕಳೆದ ಸೆಮಿಸ್ಟರ್‌ನಲ್ಲಿ ಹಾಸ್ಟೆಲ್ ಸಹಾಯನಿಧಿಯ ಅರ್ಜಿ ನೋಡಿಕೊಳ್ಳುವ ಕೆಲಸ ನಮ್ಮ ಮೂವರ ತಲೆಗೆ ಬಿತ್ತು. ಮೆಸ್ ಬಿಲ್ ಕಟ್ಟಲಾಗದ ಜೂನಿಯರ್‌ಗಳು ಮನೆಯ ಪರಿಸ್ಥಿತಿ ಬರೆದು, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟ ಸೇರಿಸಿ ಕಾಲೇಜಿನ ವಿಳಾಸಕ್ಕೆ ಮೇಲ್ ಮಾಡಬೇಕಿತ್ತು. ನೋಟಿಸಿನ ಕೊನೆಗೆ “ನಿಮ್ಮ ವಿವರ ಗುಟ್ಟಾಗಿರುತ್ತದೆ” ಅಂತ ಸೇರಿಸಿದ್ದು ನಾವೇ.

ಒಂದು ಸಂಜೆ ಫಸ್ಟ್ ಇಯರ್ ಹುಡುಗನೊಬ್ಬ ರೂಮಿಗೆ ಬಂದ. “ಅಣ್ಣ, ಮೇಲ್ ಬರೆಯೋವಾಗ ಕೆಂಪು ಬೀಗ ತೆರೆದಿರೋ ಹಾಗೆ ತೋರಿಸ್ತಿದೆ. ಅಪ್ಪನ ಆಸ್ಪತ್ರೆ ಕಾಗದಾನೂ ಇದೆ. ಕಳಿಸ್ಲಾ?”

“ಕಳ್ಸೋ ಮಾರಾಯ, ಜಿಮೇಲ್ ಎಚ್‌ಟಿಟಿಪಿಎಸ್ ಅಲ್ವಾ?” ಅಂದ್ವಿ. ಕಂಪ್ಯೂಟರ್ ನೆಟ್‌ವರ್ಕ್ಸ್‌ನಲ್ಲಿ ಮೂವರಿಗೂ ಒಳ್ಳೇ ಮಾರ್ಕ್ಸು ಬಂದಿತ್ತು ನೋಡಿ!

ರಾತ್ರಿ ಊಟ ಆದಮೇಲೆ ಅವನ ಪ್ರಶ್ನೆ ಕೊರೆಯತೊಡಗಿತು. ಎಚ್‌ಟಿಟಿಪಿಎಸ್ ಬೀಗ ನಮ್ಮ ಲ್ಯಾಪ್‌ಟಾಪಿನಿಂದ ಜಿಮೇಲ್‌ವರೆಗಿನ ದಾರಿಗೆ ಮಾತ್ರ. ಅಲ್ಲಿಂದ ಕಾಲೇಜಿನ ಸರ್ವರ್‌ಗೆ ಮೇಲ್ ಹೋಗುವುದು ಎಸ್‌ಎಂಟಿಪಿಯಲ್ಲಿ. 1982ರ ಆ ಪ್ರೋಟೋಕಾಲ್‌ಗೆ ಬೀಗವೇ ಇರಲಿಲ್ಲ. ಸ್ಟಾರ್ಟ್‌ಟಿಎಲ್‌ಎಸ್ ಎಂಬುದನ್ನು ಆಮೇಲೆ ಜೋಡಿಸಿದರು. ಈಗ ಬಳಕೆಯಲ್ಲಿರುವ ಅದರ ನಿಯಮ 2002ರದು. ಪಡೆಯುವ ಸರ್ವರ್ “ನನಗೆ ಸ್ಟಾರ್ಟ್‌ಟಿಎಲ್‌ಎಸ್ ಗೊತ್ತು” ಅಂದರೆ ಬೀಗ. ಸುಮ್ಮನಿದ್ದರೆ ಸಾಮಾನ್ಯವಾಗಿ ಮೇಲ್ ಹಾಗೇ, ಅಂಚೆ ಕಾರ್ಡಿನಂತೆ, ಹೋಗಿಬಿಡುತ್ತದೆ. ಜಿಮೇಲ್ 2016ರಿಂದ ಕೆಂಪು ಬೀಗ ತೋರಿಸುತ್ತಿರುವುದು ಇದಕ್ಕೇ.

ನಿಧಿಯ ಇನ್‌ಬಾಕ್ಸ್‌ನಲ್ಲಿ ಒಂದು ಮೇಲ್‌ನ ಸೋರ್ಸ್ ತೆಗೆದೆವು. ‘ರಿಸೀವ್ಡ್’ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಗೂಗಲ್‌ನಿಂದ ನಮ್ಮ ಸರ್ವರ್ ಪಡೆದುಕೊಂಡ ಸಾಲಿನಲ್ಲಿ ‘ವಿತ್ ಇಎಸ್‌ಎಂಟಿಪಿ’ ಅಂತಿತ್ತು. ಬೀಗ ಬಿದ್ದಿದ್ದರೆ ‘ಇಎಸ್‌ಎಂಟಿಪಿಎಸ್’ ಅಂತಿರಬೇಕಿತ್ತು. ಒಂದೇ ಒಂದು ‘ಎಸ್’ ಇಲ್ಲ.

ಬೆಳಿಗ್ಗೆ ಲ್ಯಾಬ್‌ನಲ್ಲಿ ಸಿಸ್ಟಮ್ಸ್ ನೋಡಿಕೊಳ್ಳುವ ಸರ್ ಹತ್ತಿರ ಹೋದೆವು. ಬೈಗುಳ ಕಾದಿದೆ ಅಂದುಕೊಂಡಿದ್ವಿ. ಅವರು ಕುರ್ಚಿ ಎಳೆದುಕೊಂಡು ನಮ್ಮ ಮುಂದೆಯೇ 25ನೇ ಪೋರ್ಟ್‌ಗೆ ಟೆಲ್ನೆಟ್ ಮಾಡಿ ‘ಇಎಚ್‌ಎಲ್‌ಓ’ ಅಂತ ಹೊಡೆದರು. ಉತ್ತರದ ಪಟ್ಟಿಯಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಇರಲಿಲ್ಲ. “ಸರ್ವರ್ ಬದಲಾಯಿಸಿದಾಗ ಬಿಟ್ಟುಹೋಗಿದೆ ಕಣ್ರೋ. ಯಾರೂ ಕೇಳ್ಲೂ ಇಲ್ಲ” ಅಂದರು. ಸರ್ಟಿಫಿಕೇಟ್ ಹಾಕಿ, ಪೋಸ್ಟ್‌ಫಿಕ್ಸ್‌ನ ಟಿಎಲ್‌ಎಸ್ ಸೆಟ್ಟಿಂಗ್ ‘ಮೇ’ ಮಾಡಿದರು. ನಾವು ಮತ್ತೊಂದು ಮೇಲ್ ಕಳಿಸಿ ನೋಡಿದೆವು. ‘ಎಸ್’ ಬಂದಿತ್ತು.

ಆದರೆ ‘ಮೇ’ ಅಂದರೆ ‘ಆದರೆ ಹಾಕು’ ಅಂತ, ‘ಹಾಕಲೇಬೇಕು’ ಅಂತಲ್ಲ. ಮಧ್ಯೆ ಕೂತವನು ಸ್ಟಾರ್ಟ್‌ಟಿಎಲ್‌ಎಸ್ ಎಂಬ ಪದವನ್ನೇ ಅಳಿಸಿದರೆ ಮತ್ತೆ ಕಾರ್ಡೇ. ಅದನ್ನು ತಡೆಯಲು 2018ರಲ್ಲಿ ಬಂದ ಎಂಟಿಎ-ಎಸ್‌ಟಿಎಸ್ ನಮ್ಮಲ್ಲಿ ಇನ್ನೂ ಆಗಬೇಕು. ದಾರಿಯ ಬೀಗ ಎಷ್ಟು ಗಟ್ಟಿಯಾದರೂ ಎರಡೂ ಕಡೆಯ ಸರ್ವರ್‌ಗಳಲ್ಲಿ ಮೇಲ್ ಓದಬಹುದು, ಅದೂ ನೆನಪಿರಲಿ.

ಕಷ್ಟದ ಕೆಲಸ ಇದಲ್ಲ. ಅಷ್ಟರಲ್ಲಿ ಹನ್ನೊಂದು ಅರ್ಜಿ ಬಂದಾಗಿತ್ತು. ಯಾರಾದರೂ ಓದಿದರೋ ಇಲ್ಲವೋ, ತಿಳಿಯುವ ದಾರಿಯಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಮಾತೂ ನಮ್ಮೊಳಗೆ ಬಂತು. ಕೊನೆಗೆ ಹನ್ನೊಂದು ಜನರನ್ನೂ ಒಬ್ಬೊಬ್ಬರಾಗಿ ಕಂಡು ಹೇಳಿದೆವು. ಹೆಚ್ಚಿನವರು “ಪರವಾಗಿಲ್ಲ ಬಿಡಿ” ಅಂದರು. ಒಬ್ಬಳು ಏನೂ ಮಾತಾಡದೆ ಎದ್ದು ಹೋದಳು.

ಆ ಹುಡುಗ ಮಾತ್ರ, “ನಾನು ಮೊದಲೇ ಕೇಳಿದ್ನಲ್ಲ ಅಣ್ಣ?” ಅಂದ.

ಕೇಳಿದ್ದ. ನಾವೇ ನೋಡಿರಲಿಲ್ಲ. ಈ ಸೆಮಿಸ್ಟರ್‌ನ ನೋಟಿಸಿನಲ್ಲಿ ‘ಗುಟ್ಟಾಗಿರುತ್ತದೆ’ ಎಂಬ ಸಾಲು ಇಲ್ಲ. ಕಾಗದ ಪತ್ರಗಳನ್ನು ಕೈಯಲ್ಲೇ ತಂದುಕೊಡಬಹುದು ಅಂತ ಬರೆದಿದ್ದೇವೆ.