ಚಿಕ್ಕಬಾಣಾವರದಲ್ಲಿ ಮನೆ ಎಲ್ಲಿ ಮಾಡೋಣ?

ಚಿಕ್ಕಬಾಣಾವರದಲ್ಲಿ ಮನೆ ನೋಡೋಕೆ ಹೋದರೆ ಬಾಡಿಗೆ ಎಷ್ಟು ಅಂತ ಆಮೇಲೆ ಕೇಳಿ. ಮೊದಲು ಕೇಳಬೇಕಾದ್ದು, "ನೀರು ಎಲ್ಲಿಂದ ಬರುತ್ತೆ?" ಅಂತ. ಮೂರು ತಿಂಗಳು, ಶನಿವಾರ ಭಾನುವಾರ ಬಿಡದೆ ಈ ಸುತ್ತಮುತ್ತ ಮನೆ ಹುಡುಕಿದ ನಮ್ಮಿಬ್ಬರ ಅನುಭವ ಇದು.

ನನ್ನ ಹೆಂಡತಿಯ ಆಫೀಸು ನಾಗವಾರದ ಕಡೆ. ನನ್ನದು ಯಶವಂತಪುರದ ಹತ್ತಿರ, ವಾರಕ್ಕೆ ಮೂರು ದಿನ ಹೋಗಲೇಬೇಕು. ಅಪ್ಪ ಅಮ್ಮ ತಿಪಟೂರಿನಲ್ಲಿದ್ದಾರೆ. ಅಪ್ಪನಿಗೆ ಒಂದೇ ಆಸೆ. "ಬಾಡಿಗೆ ಕಟ್ಟಿದ್ದು ಸಾಕು ಕಣೋ. ತೋಟದಲ್ಲಿ ಅರ್ಧ ಎಕರೆ ಹೋದರೂ ಹೋಗಲಿ, ಬೆಂಗಳೂರಲ್ಲಿ ನಿಂದೂ ಅಂತ ಒಂದು ಸೈಟ್ ಆಗಲಿ." ಆ ತೋಟ ತಾತ ಇಟ್ಟ ತೆಂಗು. ಹಾಗಾಗಿ ಇದು ಬರೀ ಮನೆ ಹುಡುಕಾಟ ಆಗಿರಲಿಲ್ಲ. ತಪ್ಪು ಜಾಗಕ್ಕೆ ದುಡ್ಡು ಹಾಕಿದರೆ ಹೋಗೋದು ತೋಟ.

ಊರು ನಡೆಯೋದು ಕಾಲೇಜಿನ ಕ್ಯಾಲೆಂಡರಿನಂತೆ

ತುಮಕೂರು ರಸ್ತೆಯ 8ನೇ ಮೈಲಿಯಲ್ಲಿ ಬಲಕ್ಕೆ ತಿರುಗಿದರೆ ಹೆಸರಘಟ್ಟ ರಸ್ತೆ. ದಾರಿಯಲ್ಲಿ ಚಿಕ್ಕಸಂದ್ರದ ಮೆಡಿಕಲ್ ಕಾಲೇಜು, ಮುಂದೆ ಚಿಕ್ಕಬಾಣಾವರ, ಅಲ್ಲಿಂದ ಸ್ವಲ್ಪ ದೂರಕ್ಕೆ ಸೋಲದೇವನಹಳ್ಳಿಯ ಆಚಾರ್ಯ ಕಾಲೇಜುಗಳು. ಇನ್ನೂ ಮುಂದೆ ಹೋದರೆ ಹೆಸರಘಟ್ಟದಲ್ಲಿ ತೋಟಗಾರಿಕಾ ಸಂಶೋಧನಾ ಸಂಸ್ಥೆ, ನೃತ್ಯಗ್ರಾಮ. ಕರಾವಳಿಯ ಮಣಿಪಾಲ, ಸುರತ್ಕಲ್ ನೋಡಿದವರಿಗೆ ಈ ಬಗೆಯ ಊರು ಹೊಸದಲ್ಲ. ಕಾಲೇಜು ಬರುತ್ತೆ, ಹಿಂದೆಯೇ ಪಿಜಿ, ಜೆರಾಕ್ಸ್ ಅಂಗಡಿ, ಬಿರಿಯಾನಿ ಹೋಟೆಲು ಬರುತ್ತೆ, ಆಮೇಲೆ ನಮ್ಮಂಥ ಕೆಲಸದವರು ಬರ್ತಾರೆ. ಅಲ್ಲಿ ಕಡಲು, ಇಲ್ಲಿ ಕೆರೆ. ಅಷ್ಟೇ ವ್ಯತ್ಯಾಸ ಅಂದುಕೊಂಡಿದ್ದೆ.

ಇನ್ನೊಂದು ವ್ಯತ್ಯಾಸ ಇದೆ. ಇಲ್ಲಿ ಹಳೇ ಊರು ಇನ್ನೂ ಮಧ್ಯದಲ್ಲೇ ಇದೆ. ಒಂದು ಬೀದಿಯಲ್ಲಿ ಹಸು ಕಟ್ಟಿರುತ್ತಾರೆ, ಪಕ್ಕದ ಬೀದಿಯಲ್ಲಿ ನಾಲ್ಕು ಮಹಡಿಯ ಪಿಜಿ. ಚಹಾ ಅಂಗಡಿಯಲ್ಲಿ ಕನ್ನಡದ ಜೊತೆ ಮಲಯಾಳಂ, ಬಂಗಾಳಿ, ನೇಪಾಳಿ, ಇಂಗ್ಲಿಷ್ ಎಲ್ಲ ಕೇಳುತ್ತೆ. ಸೋಲದೇವನಹಳ್ಳಿ ಕಡೆ ಆಫ್ರಿಕಾದ ದೇಶಗಳಿಂದ ಬಂದು ಓದುವ ಹುಡುಗರೂ ಇದ್ದಾರೆ.

ಬಾಡಿಗೆಗೆ ಬರುವವರು ಗಮನಿಸಬೇಕಾದ ವಿಷಯ ಇದು: ಕಾಲೇಜು ಶುರುವಾಗುವ ತಿಂಗಳುಗಳಲ್ಲಿ ಇಲ್ಲಿ ಮನೆ ಸಿಗೋದು ಕಷ್ಟ, ಬಾಡಿಗೆಯೂ ಬಿಗಿ. ಪರೀಕ್ಷೆ ಮುಗಿದು ಹುಡುಗರು ಊರಿಗೆ ಹೋದ ಮೇಲೆ ಟು-ಲೆಟ್ ಬೋರ್ಡುಗಳು ಹೆಚ್ಚಾಗುತ್ತವೆ, ಮಾಲೀಕರೂ ಮಾತಿಗೆ ಸಿಗುತ್ತಾರೆ. ಕಾಲೇಜಿನ ಹತ್ತಿರದ ಮನೆಯಲ್ಲಿ ಊಟ, ಔಷಧಿ, ಆಟೋ ಎಲ್ಲ ಕೈಗೆಟುಕುತ್ತೆ. ರಾತ್ರಿ ಹನ್ನೊಂದಕ್ಕೂ ಬೀದಿ ಎಚ್ಚರವಾಗಿರುತ್ತೆ, ಒಬ್ಬಳೇ ಬರುವವರಿಗೆ ಅದು ಧೈರ್ಯ. ಅಮ್ಮ ಅಪ್ಪ ಬಂದು ಒಂದು ತಿಂಗಳು ಇರೋದಾದರೆ ಮಾತ್ರ ಆ ಗದ್ದಲ ಜಾಸ್ತಿಯೇ.

ನೀರಿನ ಲೆಕ್ಕ

ಬೆಂಗಳೂರಿಗೆ ಮೊದಲು ಕೊಳವೆ ನೀರು ಬಂದದ್ದು ಈ ದಾರಿಯಲ್ಲೇ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರ ಯೋಜನೆಯಲ್ಲಿ, ಅರ್ಕಾವತಿ ನದಿಯ ಹೆಸರಘಟ್ಟ ಕೆರೆಯ ನೀರನ್ನು ಸೋಲದೇವನಹಳ್ಳಿಯ ಪಂಪ್‌ಹೌಸಿಗೆ ತಂದು ಅಲ್ಲಿಂದ ಮಲ್ಲೇಶ್ವರದ ಕಡೆಗೆ ಎತ್ತುತ್ತಿದ್ದರು. 1933ರಲ್ಲಿ ತಿಪ್ಪಗೊಂಡನಹಳ್ಳಿ ಬಂತು, 1974ರಲ್ಲಿ ಕಾವೇರಿ ಬಂತು, ಹೆಸರಘಟ್ಟ ಹಿಂದೆ ಸರಿಯಿತು. ನಗರಕ್ಕೆ ನೀರು ಕೊಟ್ಟ ಈ ದಾರಿಯ ಹೊಸ ಲೇಔಟುಗಳು ಇವತ್ತು ನಿಂತಿರೋದು ಬೋರ್‌ವೆಲ್ ಮತ್ತು ಟ್ಯಾಂಕರ್ ಮೇಲೆ.

2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಅದು ಮುಖ್ಯವಾಗಿ 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಿಗೆ. ಚಿಕ್ಕಬಾಣಾವರ ಆ ಗಡಿಯ ಆಚೆಗಿನ ಪುರಸಭೆ. ಹಾಗಾಗಿ "ಕಾವೇರಿ ಬರುತ್ತೆ ಸಾರ್" ಅಂತ ಬ್ರೋಕರ್ ಹೇಳಿದರೆ ಒಂದೇ ಮಾತು ಕೇಳಿ: "ಈ ಮನೆಗೆ ಕನೆಕ್ಷನ್ ಇದೆಯಾ? ಬಿಲ್ ತೋರಿಸಿ."

ನಾವು ಒಂದು ಪಟ್ಟಿ ಇಟ್ಟುಕೊಂಡಿದ್ದೆವು. ಬೋರ್ ಎಷ್ಟು ಅಡಿ, ಎಷ್ಟು ಮನೆಗೆ ಒಂದು ಬೋರ್, ಸಂಪ್ ಎಷ್ಟು ಲೀಟರ್, ಕಳೆದ ಏಪ್ರಿಲ್‌ನಲ್ಲಿ ಎಷ್ಟು ಟ್ಯಾಂಕರ್ ಹಾಕಿಸಿದಿರಿ, ಆ ದುಡ್ಡು ಯಾರು ಕೊಟ್ಟರು. ಮಾಲೀಕರನ್ನು ಕೇಳಿದ ಮೇಲೆ ಮೇಲಿನ ಮನೆಯ ಬಾಡಿಗೆದಾರರನ್ನೂ ಕೇಳುತ್ತಿದ್ದೆವು. ಎರಡು ಉತ್ತರ ಒಂದೇ ಆದರೆ ಆ ಮನೆ ಪಟ್ಟಿಯಲ್ಲಿ ಉಳೀತಿತ್ತು. 2024ರ ಬರಗಾಲದಲ್ಲಿ ಜಿಲ್ಲಾಡಳಿತವೇ ಟ್ಯಾಂಕರ್ ದರ ಗೊತ್ತು ಮಾಡಬೇಕಾಗಿ ಬಂತು: 5 ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ, ಜಿಎಸ್‌ಟಿ ಬೇರೆ. ತಿಂಗಳಿಗೆ ನಾಲ್ಕು ಟ್ಯಾಂಕರ್ ಅಂದ್ರೂ ಬಾಡಿಗೆಯಲ್ಲಿ ಉಳಿಸಿದ್ದು ಅಲ್ಲಿಗೇ ಹೋಯ್ತು.

ಕೆರೆ ಕಾಣುವ ಮನೆಗೆ ಬ್ರೋಕರ್‌ಗಳು ಲೇಕ್ ವ್ಯೂ ಅಂತಾರೆ. ಬಾಲ್ಕನಿ ಚೆನ್ನಾಗಿಯೇ ಇರುತ್ತೆ. ಆದರೆ ಚಿಕ್ಕಬಾಣಾವರ ಕೆರೆಗೆ ಕೊಳಚೆ ನೀರು ಸೇರುವ ಸುದ್ದಿ ಎಷ್ಟೋ ಸಲ ಬಂದಿದೆ. ಅಂಥ ಮನೆಯನ್ನು ಬೆಳಗ್ಗೆ ಹತ್ತಕ್ಕೆ ನೋಡಿ ಒಪ್ಪಬೇಡಿ. ಸಂಜೆ ಏಳರ ಮೇಲೆ ಹೋಗಿ, ಕಿಟಕಿ ತೆಗೆದು ಹತ್ತು ನಿಮಿಷ ನಿಲ್ಲಿ. ವಾಸನೆ, ಸೊಳ್ಳೆ ಎರಡೂ ಗೊತ್ತಾಗುತ್ತೆ.

ರೈಲಿನ ಲೆಕ್ಕ

ಈ ಊರಿನ ದೊಡ್ಡ ಆಸ್ತಿ ರೈಲು ನಿಲ್ದಾಣ. ತುಮಕೂರು, ಅರಸೀಕೆರೆ ಮಾರ್ಗ ಇಲ್ಲೇ ಹಾದುಹೋಗುತ್ತೆ. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ಹೋಗುವ ಹೊಸ ಮಾರ್ಗ ಪೂರ್ತಿಯಾದ ಮೇಲೆ ಇದು ಜಂಕ್ಷನ್ ಆಯಿತು. ಟಿಕೆಟ್ ತಗೊಳ್ಳುವಾಗ "ಚಿಕ್ಕ" ಸೇರಿಸಿ ಹೇಳಿ. ಬರೀ ಬಾಣಾವರ ಅಂದ್ರೆ ಅರಸೀಕೆರೆ ದಾಟಿ ಇದೇ ಮಾರ್ಗದಲ್ಲಿ ಇನ್ನೊಂದು ನಿಲ್ದಾಣ ಇದೆ.

ಯಶವಂತಪುರಕ್ಕೆ ಪ್ಯಾಸೆಂಜರ್ ರೈಲಿನಲ್ಲಿ ಕಾಲು ಗಂಟೆಯ ಆಸುಪಾಸು. ಅದೇ ದಾರಿ ಸ್ಕೂಟರಿನಲ್ಲಿ ಹೆಸರಘಟ್ಟ ರಸ್ತೆ ಹಿಡಿದು, 8ನೇ ಮೈಲಿ ದಾಟಿ ಹೋದರೆ ಎಷ್ಟು ಹೊತ್ತು ಅಂತ ಯಾರೂ ಖಚಿತವಾಗಿ ಹೇಳಲಾರರು. ಯಶವಂತಪುರದಲ್ಲಿ ಇಳಿದರೆ ಎದುರಿಗೇ ಮೆಟ್ರೋ. ತೊಂದರೆ ಏನಂದ್ರೆ ರೈಲು ನಮ್ಮ ಸಮಯಕ್ಕೆ ಬರೋದಿಲ್ಲ, ನಾವೇ ರೈಲಿನ ಸಮಯಕ್ಕೆ ಹೋಗಬೇಕು. ಎಷ್ಟೋ ಎಕ್ಸ್‌ಪ್ರೆಸ್‌ಗಳು ಇಲ್ಲಿ ನಿಲ್ಲೋದೂ ಇಲ್ಲ. ಮೆಟ್ರೋ ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಹೋಯಿತು. ಆದರೆ ಅದು ತುಮಕೂರು ರಸ್ತೆಯ ಮೇಲೆ, ಅಲ್ಲಿಗೆ ಹೋಗೋಕೆ ಮತ್ತೆ ಬಸ್ಸೋ ಆಟೋನೋ ಬೇಕು.

ಎಲ್ಲರೂ ಕಾಯ್ತಾ ಇರೋದು ಉಪನಗರ ರೈಲಿಗೆ. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಸುಮಾರು 25 ಕಿಲೋಮೀಟರಿನ 'ಮಲ್ಲಿಗೆ' ಮಾರ್ಗ: ಬಾಣಸವಾಡಿ, ನಾಗವಾರ, ಹೆಬ್ಬಾಳ, ಯಶವಂತಪುರ, ಜಾಲಹಳ್ಳಿ, ಶೆಟ್ಟಿಹಳ್ಳಿ. ನನ್ನ ಹೆಂಡತಿಗೆ ಮನೆಯಿಂದ ಆಫೀಸಿಗೆ ಒಂದೇ ರೈಲು! ಪ್ರಧಾನಿ ಶಂಕುಸ್ಥಾಪನೆ ಮಾಡಿದ್ದು 2022ರ ಜೂನ್‌ನಲ್ಲಿ. ಕೆಲಸ ಅಂದುಕೊಂಡ ವೇಗದಲ್ಲಿ ಸಾಗಿಲ್ಲ. ನಾವು ಹಾಕಿಕೊಂಡ ನಿಯಮ ಸರಳ: ಇವತ್ತು ಓಡುವ ರೈಲಿಗೆ ದುಡ್ಡು ಕೊಡೋಣ, ನಾಳೆ ಬರುವ ರೈಲು ಬಂದರೆ ಲಾಭ. ಸೈಟ್ ಮಾರುವವರು ಮಲ್ಲಿಗೆ ಮಾರ್ಗದ ಬೆಲೆಯನ್ನು ಈಗಲೇ ಸೇರಿಸಿ ಹೇಳುತ್ತಾರೆ.

ಸೈಟಿನ ಲೆಕ್ಕ

ಅಪ್ಪ ಒಂದು ವಾರ ಬಂದಿದ್ದಾಗ ಸೋಮಶೆಟ್ಟಿಹಳ್ಳಿ, ಗಾಣಿಗರಹಳ್ಳಿ, ಲಕ್ಷ್ಮೀಪುರದ ಕಡೆ ಸೈಟ್ ನೋಡಿದೆವು. ಗಾಳಿ ಬೆಳಕು ಚೆನ್ನಾಗಿದೆ, ಬೆಲೆಯೂ ನಮ್ಮ ಅಳತೆಗೆ ಹತ್ತಿರ. ಅಪ್ಪನಿಗೆ ಒಂದು ಮೂಲೆ ಸೈಟ್ ಬಹಳ ಹಿಡಿಸಿತು. ಅಲ್ಲೇ ನಿಂತು "ಇಲ್ಲೊಂದು ತೆಂಗಿನ ಸಸಿ ಹಾಕಬಹುದು" ಅಂದರು.

ಈ ಮೂರೂ ಹಳ್ಳಿಗಳು ಡಾ. ಶಿವರಾಮ ಕಾರಂತ ಬಡಾವಣೆಯ ಪಟ್ಟಿಯಲ್ಲಿವೆ. 2008ರ ಡಿಸೆಂಬರ್‌ನಲ್ಲಿ ಬಿಡಿಎ 17 ಹಳ್ಳಿಗಳ 3,546 ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಹತ್ತು ವರ್ಷ ಕೋರ್ಟು ಕಚೇರಿಯಲ್ಲಿ ಕಳೆದು, 2018ರಲ್ಲಿ ಸುಪ್ರೀಂ ಕೋರ್ಟ್ ಯೋಜನೆ ಮುಂದುವರಿಸಿ ಅಂದಿತು. ಆ ಮಧ್ಯೆ ರೆವಿನ್ಯೂ ಸೈಟ್ ತಗೊಂಡು ಮನೆ ಕಟ್ಟಿದ್ದವರ ಅರ್ಜಿ ಪರಿಶೀಲಿಸೋಕೆ 2020ರಲ್ಲಿ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಸಮಿತಿಯನ್ನೇ ನೇಮಿಸಬೇಕಾಯಿತು. ಈ ಹಳ್ಳಿಗಳ ಎಲ್ಲ ಜಮೀನೂ ಅದರಲ್ಲಿ ಹೋಗಿದೆ ಅಂತಲ್ಲ. ಯಾವ ಸರ್ವೆ ನಂಬರ್ ಒಳಗೆ, ಯಾವುದು ಹೊರಗೆ ಅನ್ನೋದೇ ಎಲ್ಲ.

ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲು ನೋಡಬೇಕಾದ್ದು: ಸರ್ವೆ ನಂಬರ್ ಬಿಡಿಎ ಅಧಿಸೂಚನೆಯಲ್ಲಿದೆಯೇ, ಜಮೀನಿಗೆ ಭೂ ಪರಿವರ್ತನೆ ಆಗಿದೆಯೇ, ಇ-ಖಾತಾ ಇದೆಯೇ, ಮೂಲಪತ್ರದಿಂದ ಇವತ್ತಿನವರೆಗೆ ಕೊಂಡಿ ತಪ್ಪದೆ ಇದೆಯೇ, ಇಸಿಯಲ್ಲಿ ಸಾಲ ಇಲ್ಲವೇ, ಕೆರೆ ಅಥವಾ ರಾಜಕಾಲುವೆಗೆ ತಾಗಿದೆಯೇ. ಇವನ್ನು ಬ್ರೋಕರ್ ಕೊಟ್ಟ ವಕೀಲರಿಗೆ ತೋರಿಸಬೇಡಿ, ನಿಮ್ಮದೇ ವಕೀಲರಿಗೆ ತೋರಿಸಿ. ಅಪ್ಪ ಮೆಚ್ಚಿದ ಮೂಲೆ ಸೈಟಿಗೆ ಭೂ ಪರಿವರ್ತನೆಯ ಪತ್ರ ಕೇಳಿದೆವು. "ಎಲ್ಲಾ ಆಗುತ್ತೆ, ಮೊದಲು ಟೋಕನ್ ಹಾಕಿ" ಅಂದರು. ಅಲ್ಲಿಗೆ ಬಿಟ್ಟೆವು.

ನಾವು ಏನು ಮಾಡಿದೆವು

ವಾಪಸ್ ಬರುವಾಗ ಅಪ್ಪ ಮಾತಾಡಲಿಲ್ಲ. ರಾತ್ರಿ ಊಟ ಆದ ಮೇಲೆ ನಾನೇ ತೆಗೆದೆ. "ಅಪ್ಪ, ತೋಟ ವರ್ಷಾ ವರ್ಷ ಕೊಬ್ಬರಿ ಕೊಡುತ್ತೆ. ಇದು ವರ್ಷಾ ವರ್ಷ ಕೋರ್ಟಿಗೆ ಕರೆದರೆ?" ಅಪ್ಪ ಸ್ವಲ್ಪ ಹೊತ್ತು ಬಿಟ್ಟು, "ಹಂಗಾದ್ರೆ ಎಷ್ಟು ದಿನ ಕಾಯೋಣ ಅಂತೀಯ?" ಅಂದರು. ಬೇಡ ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ.

ಎರಡು ವರ್ಷ ಅಂತ ಇಟ್ಟುಕೊಂಡಿದ್ದೇವೆ. ನಿಲ್ದಾಣಕ್ಕೆ ನಡೆದು ಹನ್ನೆರಡು ನಿಮಿಷದ ದೂರದಲ್ಲಿ, ಹಳೇ ಊರಿನ ಅಂಚಿನಲ್ಲಿ, ಮೊದಲ ಮಹಡಿಯ ಮನೆ ಬಾಡಿಗೆಗೆ ಹಿಡಿದೆವು. ಕಾಲೇಜಿನ ಕಡೆ ನೋಡಿದ ಮನೆ ಇದಕ್ಕಿಂತ ಹೊಸದು, ಲಿಫ್ಟ್ ಇತ್ತು. ಆದರೆ ಇಲ್ಲಿ ಮೂರು ಮನೆಗೆ ಒಂದು ಬೋರ್, ಏಪ್ರಿಲ್ ಲೆಕ್ಕ ಕೇಳಿದಾಗ ಮಾಲೀಕರೂ ಕೆಳಗಿನ ಮನೆಯವರೂ ಒಂದೇ ಉತ್ತರ ಕೊಟ್ಟರು. ಹೆಂಡತಿಗೆ ನಾಗವಾರ ಇವತ್ತಿಗೂ ದೂರವೇ. ಅವಳು ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ, ಅಲ್ಲಿಂದ ಹೆಬ್ಬಾಳದ ಕಡೆ ಬಸ್ ಹಿಡಿಯುತ್ತಾಳೆ. ಸಂಜೆ ರೈಲು ತಪ್ಪಿದ ದಿನ ಮನೆ ಸೇರೋದು ಎಂಟೂವರೆಗೆ. ಆ ಭಾರ ಅವಳ ಮೇಲೆ ಹೆಚ್ಚು ಬಿದ್ದಿದೆ ಅನ್ನೋದು ನಮ್ಮಿಬ್ಬರಿಗೂ ಗೊತ್ತು. ಎರಡು ವರ್ಷ ಅಂತ ಗಡುವು ಹಾಕಿದ್ದೂ ಅದಕ್ಕೇ. ಅಷ್ಟರಲ್ಲಿ ಮಲ್ಲಿಗೆ ಬರದಿದ್ದರೆ ಅವಳ ಆಫೀಸಿನ ಕಡೆಗೆ ಮನೆ ಬದಲಿಸುತ್ತೇವೆ.

ನೀವೂ ಇಂಥದ್ದೇ ಊರಲ್ಲಿ ಮನೆ ನೋಡ್ತಿದ್ದರೆ, ಅದು ಚಿಕ್ಕಬಾಣಾವರವೇ ಆಗಬೇಕಿಲ್ಲ, ಒಂದು ಹಾಳೆಯಲ್ಲಿ ಎರಡು ಗೆರೆ ಎಳೆಯಿರಿ. ಒಂದು ಕಡೆ ಇವತ್ತು ಇರುವುದು, ಇನ್ನೊಂದು ಕಡೆ ಮುಂದೆ ಬರುತ್ತೆ ಅನ್ನುವುದು. ಬಾಡಿಗೆಗೆ ಮೊದಲ ಕಡೆ ಸಾಕು. ಕೊಳ್ಳುವುದಾದರೆ, ಎರಡನೇ ಕಡೆಯಲ್ಲಿರುವ ಒಂದೊಂದಕ್ಕೂ ಕಾಗದ ಕೇಳಿ. ಅಪ್ಪ ಮುಂದಿನ ತಿಂಗಳು ತಿಪಟೂರಿನಿಂದ ಪ್ಯಾಸೆಂಜರಿನಲ್ಲೇ ಬರ್ತಾರಂತೆ. ಕೊಬ್ಬರಿ ಮೂಟೆ ಜೊತೆ, ಯಾರೋ ಹೇಳಿದ ಇನ್ನೊಂದು ಸೈಟಿನ ಸರ್ವೆ ನಂಬರನ್ನೂ ಬರೆದುಕೊಂಡು.