ಮೊಟಕು ಮಾತು

ರಜೆಗೆಂದು ಹಂಪಾಪುರಕ್ಕೆ ಬಂದ ಮಗಳಿಗೆ ಹೊಸ ಹುಚ್ಚು. ‘ವಿಲ್ ನಾಟ್’ ಎಂಬುದು ‘ವೋಂಟ್’ ಆಗುವುದಾದರೆ ‘ಆಮ್ ನಾಟ್’ ಯಾಕೆ ‘ಆಮಂಟ್’ ಆಗಬಾರದು? “ಐ ಆಮಂಟ್ ಈಟಿಂಗ್ ಉಪ್ಪಿಟ್ಟು” ಎಂದು ಬೆಳಗಾಗುತ್ತಲೇ ಘೋಷಣೆ! ಮೇಷ್ಟ್ರು ತಪ್ಪೆನ್ನುವ ಈ ಮಾತನ್ನು ಸ್ಕಾಟ್ಲೆಂಡ್, ಐರ್ಲೆಂಡಿನ ಜನ ಆಡುತ್ತಾರೆಂದು ನಾನು ಹೇಳಿದ ಮೇಲಂತೂ ಅವಳನ್ನು ಹಿಡಿಯುವವರೇ ಇಲ್ಲ.

ಅಮ್ಮ ಅವರೆಕಾಯಿ ಸುಲಿಯುತ್ತಲೇ ನಕ್ಕರು. “ಇದೇನ್ ದೊಡ್ಡ ವಿದ್ಯೆನವ್ವ? ಕೃಷ್ಣರಾಜನಗರ ಕೆ.ಆರ್. ನಗರ ಆಗಿಲ್ವಾ? ಹೆಗ್ಗಡದೇವನಕೋಟೆ ಎಚ್.ಡಿ. ಕೋಟೆ ಆಯ್ತು. ಬಸ್ಸಿನೋರು ಅದನ್ನೂ ಕತ್ತರಿಸಿ ಬರೀ ‘ಕೋಟೆ, ಕೋಟೆ’ ಅಂತಾರೆ!” ನಿಜವೇ. ಪುಸ್ತಕದ ‘ಮಾಡಿಕೊಂಡು’ ನಮ್ಮ ಬಾಯಲ್ಲಿ ಎಂದೋ ‘ಮಾಡ್ಕಂಡು’ ಆಗಿದೆ.

ಹೊರಡುವ ದಿನ ಮೈಸೂರಿನ ಬಸ್ಸು ದೂರದಲ್ಲಿ ಕಂಡಿತು. ಮಗಳು ಚೀಲ ಹೆಗಲಿಗೇರಿಸಿ, “ಅಜ್ಜಿ, ಹೋಗ್ತೀನಿ” ಎಂದಳು. ಅಮ್ಮನ ಮುಖದ ನಗು ಮಾಯವಾಯಿತು.

“‘ಹೋಗ್ಬತ್ತೀನಿ’ ಅನ್ನವ್ವ. ಏನ್ ಬೇಕಾದ್ರೂ ಮೊಟಕು ಮಾಡು, ಬರೋದನ್ನ ಮಾತ್ರ ಬಿಡಬ್ಯಾಡ.”

ಅಪ್ಪ ಆಸ್ಪತ್ರೆಗೆ ಹೊರಟ ದಿನ ಅವಸರದಲ್ಲಿ ಬರೀ ‘ಹೋಗ್ತೀನಿ’ ಎಂದಿದ್ದರು. ಮಗಳಿಗೆ ಅದು ತಿಳಿಯದು. ಆದರೂ ಅಜ್ಜಿಯ ಮುಖ ನೋಡಿ ಓಡಿ ಬಂದು ತಬ್ಬಿಕೊಂಡಳು.

“ಹೋಗಿ ಬರುತ್ತೇನೆ, ಅಜ್ಜಿ.”

ಒಂದಕ್ಷರವನ್ನೂ ನುಂಗಲಿಲ್ಲ.